ಹೊಳಪಿನ ಹಿಂದಿನ ಹಲಗೆ

ಮಾಡ್ಯುಲರ್ ಕಿಚನ್ ಮಾಡಿಸಲು ಶೋರೂಮಿಗೆ ಹೋದರೆ ಮೊದಲು ಕೈಗೆ ಕೊಡುವುದು ಬಣ್ಣದ ಕ್ಯಾಟಲಾಗ್. ದುಡ್ಡು ಕೊಡುವವರು ಮೊದಲು ವಿಚಾರಿಸಬೇಕಾದ್ದು ಆ ಬಣ್ಣದ ಹಿಂದೆ ಯಾವ ಹಲಗೆ ಇದೆ ಎಂಬುದನ್ನು.

ಈ ಬಗೆಯ ಅಡುಗೆಮನೆಗೆ ಮೂಲವೆಂದು ಹೇಳುವುದು ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ರೂಪಿಸಿದ ಪುಟ್ಟ ಅಡುಗೆಮನೆಯನ್ನು. ಆಕೆ ಹಿಟ್ಟಿನ ಡಬ್ಬಕ್ಕೆ ಓಕ್ ಮರ ಆರಿಸಿದರು, ಅದರ ಒಗರಿಗೆ ಹುಳ ಬರದಿರಲೆಂದು. ತರಕಾರಿ ಹೆಚ್ಚುವ ಜಾಗಕ್ಕೆ ಚಾಕುವಿನ ಗೀರು, ಕಲೆ ತಡೆಯುವ ಬೀಚ್ ಮರ. ಕಪಾಟಿಗೆ ಬಳಿಸಿದ್ದು ನೀಲಿ; ನೊಣ ಆ ಬಣ್ಣದ ಮೇಲೆ ಕೂರುವುದಿಲ್ಲವೆಂಬ ನಂಬಿಕೆ ಆಗ ಇತ್ತು. ನಮಗೆ ಹಿಟ್ಟಿನ ಹುಳಕ್ಕಿಂತ ದೊಡ್ಡ ಕಾಟ ಒಗ್ಗರಣೆಯ ಜಿಡ್ಡು, ಅರಿಸಿನ, ಹುಣಸೆಹುಳಿ, ಮತ್ತೆ ನೀರು.

ನೀರಿನದೇ ಮೊದಲು. ಪ್ಲೈವುಡ್‌ನಲ್ಲಿ ಎಂ.ಆರ್. ಅನ್ನುವ ದರ್ಜೆ ಬಟ್ಟೆ ಬೀರುವಿಗೆ ಸಾಕು, ಸಿಂಕಿನ ಹತ್ತಿರ ಬೇಡ. ಅಲ್ಲಿಗೆ ಐ.ಎಸ್. 710 ಮುದ್ರೆಯ ಬಿ.ಡಬ್ಲ್ಯು.ಪಿ. ಪ್ಲೈ ಬೇಕು, ಅದರ ಪದರಗಳು 72 ಗಂಟೆ ನೀರಲ್ಲಿ ಕುದಿಸಿದರೂ ಬಿಟ್ಟುಕೊಳ್ಳಬಾರದು. ಎಂ.ಡಿ.ಎಫ್. ಹಲಗೆ ನುಣುಪು, ಪಿ.ಯು. ಪೇಂಟಿಗೆ ಹೇಳಿ ಮಾಡಿಸಿದ್ದು. ಆದರೆ ಪೈಪು ನಾಲ್ಕು ದಿನ ತೊಟ್ಟಿಕ್ಕಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಸಿಂಕಿನ ಕೆಳಗೆ ಹಲಗೆಯ ತಳವೇ ಬೇಡ ಅನ್ನುವ ಪಕ್ಷ ನನ್ನದು. ನೆಲದ ಟೈಲ್ಸ್ ಹಾಗೇ ಇರಲಿ, ಮುಂದೆ ಬಾಗಿಲು ಮಾತ್ರ ಕೂರಿಸಲಿ. ಕೆಲಸಕ್ಕೆ ಬಂದ ಆಚಾರ್ರು ಒಪ್ಪುತ್ತಾರೆ, ಶೋರೂಮಿನವರನ್ನು ಒಪ್ಪಿಸಬೇಕಾಗುತ್ತದೆ.

ಕಟ್ಟೆಯ ವಿಷಯದಲ್ಲಿ ನಮ್ಮವರು ಪುಣ್ಯವಂತರು. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ಎರಡೂ ಇಲ್ಲಿನವೇ. ಒಲೆಯಿಂದ ಇಳಿಸಿದ ಕುಕ್ಕರನ್ನು ಗ್ರಾನೈಟ್ ಮೇಲೆ ಇಟ್ಟರೂ ಸಾಮಾನ್ಯವಾಗಿ ಏನೂ ಆಗದು, ಹುಣಸೆ ರಸಕ್ಕೂ ಅದು ಜಗ್ಗದು. ಅಮೃತಶಿಲೆ ಮೂಲತಃ ಸುಣ್ಣದ ಕಲ್ಲು, ನಿಂಬೆರಸ ಬಿದ್ದಲ್ಲಿ ಪಾಲಿಶ್ ಹೋಗಿ ಮಚ್ಚೆ ಉಳಿಯುತ್ತದೆ. ಈಗ ಬೇಡಿಕೆಯಲ್ಲಿರುವ ಕ್ವಾರ್ಟ್ಜ್ ಕಟ್ಟೆ ಕಲ್ಲಿನ ಪುಡಿಗೆ ರಾಳ ಬೆರೆಸಿ ಒತ್ತಿದ್ದು. ಕಲೆ ಹೀರುವುದು ಕಡಿಮೆ, ನಿಜ. ಕಾದ ಬಾಣಲೆ ಇಟ್ಟರೆ ರಾಳ ಸುಟ್ಟು ಗುರುತು ಬೀಳುತ್ತದೆ. ಅದನ್ನು ಕೊಯ್ಯುವಾಗ ಏಳುವ ಸಿಲಿಕಾ ದೂಳಿನಿಂದ ಕೆಲಸಗಾರರ ಶ್ವಾಸಕೋಶ ಹಾಳಾಗುತ್ತದೆಂದು ಆಸ್ಟ್ರೇಲಿಯಾ 2024ರ ಜುಲೈನಿಂದ ಇಂಥ ಕಲ್ಲನ್ನೇ ನಿಷೇಧಿಸಿತು. ಗ್ರಾನೈಟ್‌ನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ. ಯಾವ ಕಲ್ಲೇ ಆಗಲಿ, ನಿಮ್ಮ ಮನೆಯಂಗಳದಲ್ಲಿ ಕೊಯ್ಯುವುದಾದರೆ ನೀರು ಬಿಟ್ಟುಕೊಂಡೇ ಕೊಯ್ಯಲಿ.

ಕಲ್ಲಿನವರಿಗೆ ಹೇಳಿ ಮಾಡಿಸಬೇಕಾದ್ದು ಇನ್ನೊಂದಿದೆ. ಕಟ್ಟೆಯ ಮುಂಚಾಚಿನ ತಳಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಸಿ. ಚೆಲ್ಲಿದ ನೀರು ಅಲ್ಲೇ ಕಡಿದು ನೆಲಕ್ಕೆ ತೊಟ್ಟಿಕ್ಕುತ್ತದೆ, ಬಾಗಿಲ ಮೇಲೆ ಹರಿಯುವುದಿಲ್ಲ. ಕ್ಯಾಟಲಾಗಿನಲ್ಲಿ ಇದು ಇರುವುದಿಲ್ಲ.

ಬಣ್ಣ, ಹೊಳಪಿನ ಮಾತು ಇಷ್ಟೆಲ್ಲ ಆದಮೇಲೆ. ಒಂದು ಮಿಲಿಮೀಟರ್ ಲ್ಯಾಮಿನೇಟ್ ದಿನದ ಒರೆಸಾಟಕ್ಕೆ ಚೆನ್ನಾಗಿ ತಡೆಯುತ್ತದೆ. ಅಕ್ರಿಲಿಕ್ ಕನ್ನಡಿಯಂತೆ ಮಿನುಗುತ್ತದೆ, ಪಾತ್ರೆ ಉಜ್ಜುವ ನಾರು ತಗುಲಿದರೆ ಗೀರು ಬೀಳುತ್ತದೆ. ಮೆಂಬ್ರೇನ್ ಹಾಳೆ ಒಲೆಯ ಕಾವಿಗೆ ಅಂಚಿನಿಂದ ಏಳತೊಡಗುತ್ತದೆ. ಕೆತ್ತನೆಯ ಬಾಗಿಲು ಚೆಂದವೇ, ಆದರೆ ದಿನಾ ಸಾಸಿವೆ ಸಿಡಿಸುವ ಮನೆಯಲ್ಲಿ ಆ ಸಂದುಗಳ ಜಿಡ್ಡನ್ನು ಹಳೆಯ ಟೂತ್‌ಬ್ರಷ್‌ನಿಂದ ತೆಗೆಯುವವರು ಯಾರೆಂದು ಮೊದಲೇ ಮನೆಯಲ್ಲಿ ತೀರ್ಮಾನಿಸಿಕೊಳ್ಳಿ.

ಕರಾವಳಿಯವರಿಗೆ ಹಿಂಜ್ ಮತ್ತು ಡ್ರಾಯರ್ ಬುಟ್ಟಿಗಳದೇ ಚಿಂತೆ. ಉಪ್ಪುಗಾಳಿಗೆ 202 ದರ್ಜೆಯ ಸ್ಟೀಲು ಬೇಗ ತುಕ್ಕು ಹಿಡಿಯುತ್ತದೆ. ನಿಕಲ್ ಹೆಚ್ಚಿರುವ 304 ಬಾಳಿಕೆ ಬರುತ್ತದೆ. ಅಯಸ್ಕಾಂತ ಅಂಟಲಿಲ್ಲ, ಹಾಗಾಗಿ ಇದು 304 ಎಂದು ಅಂಗಡಿಯವರು ತೋರಿಸಿದರೆ ಒಪ್ಪಬೇಡಿ. 202ಕ್ಕೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.