ಶ್ರೀಮಂಗಲದ ನಡುನೆತ್ತಿಯಲ್ಲಿ ವಾಯೇಜರ್

ಮನುಷ್ಯ ಮಾಡಿದ ವಸ್ತುಗಳಲ್ಲಿ ಅತಿ ದೂರ ಹೋಗಿರುವುದು ವಾಯೇಜರ್-1. ಅದು ದಿನಕ್ಕೊಮ್ಮೆ ದಕ್ಷಿಣ ಕೊಡಗಿನ ಶ್ರೀಮಂಗಲದ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಊರು ಇರುವುದು ಉತ್ತರ ಅಕ್ಷಾಂಶ ಸುಮಾರು 12 ಡಿಗ್ರಿಯಲ್ಲಿ. ಆಕಾಶದ ನಕಾಶೆಯಲ್ಲಿ ಈ ನೌಕೆಯ ಜಾಗವೂ ಹೆಚ್ಚುಕಡಿಮೆ ಅದೇ ಗೆರೆಯಲ್ಲಿ, ಉರಗಧರ ನಕ್ಷತ್ರಪುಂಜದಲ್ಲಿದೆ. ಕಾಫಿ ಹೂ ಬಿಡುವ ಏಪ್ರಿಲ್ ಮೊದಲ ವಾರದಲ್ಲಿ ಅದು ನೆತ್ತಿಗೆ ಬರುವುದು ಬೆಳಗಿನ ಜಾವ ಐದರ ಸುಮಾರಿಗೆ. ಜೂನ್ ನಡುವಿನಲ್ಲಾದರೆ ನಡುರಾತ್ರಿಗೆ. ಆಗ ಬ್ರಹ್ಮಗಿರಿಯ ಮೋಡ ದಾರಿ ಬಿಡಬೇಕಲ್ಲ! ಮೋಡವಿಲ್ಲದಿದ್ದರೂ ಯಾವ ದೂರದರ್ಶಕಕ್ಕೂ ಅದು ಕಾಣದು. ಅದರ ಸುಳಿವು ಸಿಗುವುದು ರೇಡಿಯೊ ಆಂಟೆನಾಗಳಿಗೆ ಮಾತ್ರ.

1977ರ ಸೆಪ್ಟೆಂಬರ್ 5ರಂದು ಹೊರಟ ಈ ನೌಕೆ ಗುರು, ಶನಿಗಳನ್ನು ದಾಟಿ, 2012ರ ಆಗಸ್ಟ್ 25ರಂದು ಸೂರ್ಯನ ಗಾಳಿ ಬೀಸುವ ಎಲ್ಲೆಯನ್ನೂ ಮೀರಿತು. ಅದಕ್ಕಿಂತ ಹದಿನಾರು ದಿನ ಮೊದಲೇ ಹೊರಟಿದ್ದ ವಾಯೇಜರ್-2 ಆ ಎಲ್ಲೆ ದಾಟಿದ್ದು 2018ರ ನವೆಂಬರ್ 5ರಂದು. ನಕ್ಷತ್ರಗಳ ನಡುವಿನ ಬಯಲಿನಿಂದ ನಮಗೆ ಸುದ್ದಿ ಕಳಿಸಿದವು ಇವೆರಡೇ.

ಹಾಗೆಂದು ಸೂರ್ಯನ ಹಿಡಿತ ಪೂರ್ತಿ ತಪ್ಪಿತೆನ್ನುವಂತಿಲ್ಲ. ಧೂಮಕೇತುಗಳ ತವರಾದ ಊರ್ಟ್ ಮೋಡದ ಒಳ ಅಂಚನ್ನು ಮುಟ್ಟಲು ವಾಯೇಜರ್-1ಕ್ಕೆ ಇನ್ನೂ ಸುಮಾರು 300 ವರ್ಷ ಬೇಕು. ಅದನ್ನು ದಾಟಿ ಹೋಗಲು 30 ಸಾವಿರ ವರ್ಷ. ಸೆಕೆಂಡಿಗೆ 17 ಕಿಲೋಮೀಟರ್ ಅದರ ವೇಗ. ಆ ಓಟದಲ್ಲಿ ಶ್ರೀಮಂಗಲದಿಂದ ಬೆಂಗಳೂರು ಕಾಲು ನಿಮಿಷದ ದಾರಿ. ಆದರೂ ಸೂರ್ಯನ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯತ್ತ ನೇರ ಹೊರಟಿದ್ದರೆ ಸುಮಾರು 75 ಸಾವಿರ ವರ್ಷ ಹಿಡಿಯುತ್ತಿತ್ತು. ಸೌರಮಂಡಲದಾಚೆಯ ಪ್ರಯಾಣಕ್ಕೆ ಮನುಷ್ಯನ ಆಯುಸ್ಸು ಸಾಲದು. ಸದ್ಯಕ್ಕೆ ಅಲ್ಲಿಗೆ ಹೋಗಬಲ್ಲದ್ದು ನಮ್ಮ ದನಿಯೊಂದೇ.

ಆ ದನಿಗಳಲ್ಲಿ ಕನ್ನಡವೂ ಉಂಟು. ಎರಡೂ ನೌಕೆಗಳಿಗೆ ಕಟ್ಟಿರುವ, ಚಿನ್ನದ ಲೇಪದ ಹನ್ನೆರಡು ಇಂಚಿನ ತಾಮ್ರದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡಿಗರ ಪರವಾಗಿ ಮಾತಾಡಿದವರು ಶ್ರೀನಿವಾಸ ಕೆ. ಉಪಾಧ್ಯಾಯ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ನೇತೃತ್ವದ ತಂಡ ಈ ತಟ್ಟೆಯನ್ನು ಅವಸರದಲ್ಲೇ ಸಿದ್ಧಪಡಿಸಬೇಕಾಯಿತು. ಹಲವು ಭಾಷೆಗಳಿಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಆಸುಪಾಸಿನಲ್ಲಿ ಸಿಕ್ಕವರೇ ದನಿಯಾದರು. ಹೀಗಾಗಿ ತೆಲುಗು, ಒಡಿಯಾ, ರಾಜಸ್ಥಾನಿ ಸೇರಿದವು. ತಮಿಳು, ಮಲಯಾಳ, ತುಳು ಉಳಿದುಹೋದವು. ಶ್ರೀಮಂಗಲದ ಮನೆಮನೆಯ ಕೊಡವ ತಕ್ಕೂ ಅದರಲ್ಲಿಲ್ಲ.

ಈಗ ಇಬ್ಬರು ಪಯಣಿಗರಿಗೂ ವಯಸ್ಸಾಗಿದೆ. ಪ್ಲುಟೋನಿಯಂ ಶಾಖದಿಂದ ಬರುವ ವಿದ್ಯುತ್ತು ವರ್ಷಕ್ಕೆ ಸುಮಾರು 4 ವ್ಯಾಟ್‌ನಂತೆ ಇಳಿಯುತ್ತಿರುವುದರಿಂದ ಉಪಕರಣಗಳನ್ನು ಒಂದೊಂದಾಗಿ ಆರಿಸಲಾಗುತ್ತಿದೆ. 2023ರ ನವೆಂಬರ್‌ನಲ್ಲಿ ವಾಯೇಜರ್-1ರ ಕಂಪ್ಯೂಟರಿನ ಒಂದು ಚಿಪ್ ಕೆಟ್ಟು, ಅದು ಅರ್ಥವಿಲ್ಲದ್ದನ್ನು ಕಳಿಸತೊಡಗಿತು. ಒಂದು ಆದೇಶ ಹೋಗಿ ಉತ್ತರ ಬರಲು ಸುಮಾರು 45 ಗಂಟೆ. ಅಷ್ಟಷ್ಟು ಕಾದು, ಆ ಚಿಪ್‌ನಲ್ಲಿದ್ದ ಸಾಫ್ಟ್‌ವೇರ್ ಭಾಗವನ್ನು ಬೇರೆಡೆಗೆ ಸರಿಸಿ, 2024ರ ಏಪ್ರಿಲ್‌ನಲ್ಲಿ ಎಂಜಿನಿಯರುಗಳು ಅದನ್ನು ಮತ್ತೆ ಮಾತಾಡಿಸಿದರು. ಲೆಕ್ಕದ ಪ್ರಕಾರ 2026ರ ನವೆಂಬರ್‌ನಲ್ಲಿ ಅದರ ದೂರ ಒಂದು ಬೆಳಕಿನ ದಿನ, ಅಂದರೆ ಸುಮಾರು 2,590 ಕೋಟಿ ಕಿಲೋಮೀಟರ್.

ಅಂಥ ದೂರದ ಪಿಸುಮಾತನ್ನು ಆಲಿಸುವುದು ನಾಸಾದ ದೈತ್ಯ ಆಂಟೆನಾಗಳ ಕೆಲಸ. ನಮ್ಮಲ್ಲೂ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಆಂಟೆನಾ ಇದೆ. ಅದು ಸಂಪರ್ಕ ಇಟ್ಟುಕೊಂಡಿರುವ, ಸೂರ್ಯನನ್ನು ಗಮನಿಸುವ ಆದಿತ್ಯ-ಎಲ್1 ನೌಕೆ ಇರುವುದು 15 ಲಕ್ಷ ಕಿಲೋಮೀಟರ್ ಆಚೆ. ವಾಯೇಜರ್-1 ಅದರ ಹದಿನಾರು ಸಾವಿರ ಪಟ್ಟಿಗೂ ಹೆಚ್ಚು ದೂರದಲ್ಲಿದೆ.

ನೌಕೆ ಮೂಕವಾದ ಮೇಲೂ ತಟ್ಟೆ ನೂರು ಕೋಟಿ ವರ್ಷ ಬಾಳೀತೆಂಬ ಅಂದಾಜಿದೆ. ಇತ್ತ ನೆಲದಲ್ಲಿ, ಯುನೆಸ್ಕೊ ಅಪಾಯದಲ್ಲಿರುವ ಭಾಷೆಗಳ ಸಾಲಿಗೆ ಕೊಡವ ತಕ್ಕನ್ನು ಸೇರಿಸಿದೆ. ಮುಂದೆ ಇಂಥ ತಟ್ಟೆ ಮತ್ತೊಂದು ಹೊರಟರೆ ಆಯ್ಕೆ ಕೈಗೆ ಸಿಕ್ಕವರ ಮೇಲೆ ನಿಲ್ಲಬಾರದು. ಆ ಸಿದ್ಧತೆಗೆ ರಾಕೆಟ್ ಬೇಕಿಲ್ಲ. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳಲ್ಲಿ ಹಿರಿಯರ ಮಾತನ್ನು ಈಗಲೇ ಧ್ವನಿಮುದ್ರಿಸಿಟ್ಟರೆ ಸಾಕು.