ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಮ್ಮ ಮನೆಯ ಹಜಾರದ ಸೀಲಿಂಗಿನಲ್ಲಿ ಊಟದ ತಟ್ಟೆಯನ್ನು ಬೋರಲು ಹಾಕಿ ಅಂಟಿಸಿದಂಥ ಬಿಳಿ ಡಬ್ಬವೊಂದಿದೆ. ವೈಫೈ ಆಕ್ಸೆಸ್ ಪಾಯಿಂಟ್. ರಜೆಗೆ ಬಂದಿದ್ದ ಅಕ್ಕನ ಮಗ ಒಂದು ಸಂಜೆ ಸ್ಟೂಲ್ ಹತ್ತಿ ಅದನ್ನು ತಿರುಚಿ ಕೆಳಗಿಳಿಸಿದ, ಬೆನ್ನ ಮೇಲಿನ ಮಾಡೆಲ್ ನಂಬರ್ ಓದಿಕೊಂಡ, ಮತ್ತೆ ಸಿಕ್ಕಿಸಿದ. ಆಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ಅದಕ್ಕೆ ಹೊಸ ಫರ್ಮ್‌ವೇರ್ ಏರಿಸಿದ. ತಯಾರಕರು ಇನ್ನೂ ಪರೀಕ್ಷೆಯಲ್ಲಿಟ್ಟಿದ್ದ ಬೀಟಾ ಆವೃತ್ತಿ ಅದು. ‘ಮಾವ, ನಾಳೆಯಿಂದ ನೋಡಿ, ಹಾರುತ್ತೆ’ ಅಂದ.

ಮರುದಿನ ಹಾರಲಿಲ್ಲ, ಕುಂಟಿತು. ನಾವು ದುಡ್ಡು ಕಟ್ಟುವುದು 300 ಎಂಬಿಪಿಎಸ್‌ಗೆ. ಹಜಾರದಲ್ಲಿ ಅಷ್ಟೂ ಸಿಗುತ್ತಿತ್ತು. ಈಗ ಸ್ಪೀಡ್ ಟೆಸ್ಟ್ ಮುಳ್ಳು 94ಕ್ಕೆ ಹೋಗಿ ನಿಂತುಬಿಡುತ್ತಿತ್ತು. ‘ನೆಟ್ಟಗಿದ್ದದ್ದನ್ನ ಕೆದಕಿದ್ರೆ ಇನ್ನೇನಾಗುತ್ತೆ?’ ಎಂದು ಮನೆಯವಳು ತೀರ್ಪು ಕೊಟ್ಟೂ ಆಯಿತು. ಹುಡುಗ ಪೆಚ್ಚುಮೋರೆ ಹಾಕಿಕೊಂಡು ಹಳೆಯ ಆವೃತ್ತಿಗೆ ಮರಳಲು ಹೊರಟ. ನಾನೇ ತಡೆದೆ. ನನ್ನನ್ನು ಕಾಡಿದ್ದು ಆ 94. ಒಮ್ಮೆ 60, ಒಮ್ಮೆ 130 ಬಂದಿದ್ದರೆ ನಾನೂ ಬೀಟಾವನ್ನೇ ಬೈಯುತ್ತಿದ್ದೆ. ಎಷ್ಟು ಸಲ ನೋಡಿದರೂ, ಯಾವ ಫೋನಿನಲ್ಲಿ ನೋಡಿದರೂ 94! ಹವೆಯಲ್ಲಿ ಓಡಾಡುವ ಯಾವುದೂ ಇಷ್ಟು ಶಿಸ್ತಿನದಲ್ಲ.

ಫರ್ಮ್‌ವೇರ್ ಎಂದರೆ ಡಬ್ಬದೊಳಗಿನ ಚಿಪ್‌ಗೆ ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಡುವ ತಂತ್ರಾಂಶ. ರೇಡಿಯೊ, ಆಂಟೆನಾ, ತಂತಿಯ ರಂಧ್ರ ಎಲ್ಲವೂ ಕಾರ್ಖಾನೆಯಲ್ಲೇ ಕೂತಿರುತ್ತವೆ. ಯಾವ ಚಾನೆಲ್ ಹಿಡಿಯಬೇಕು, ಎಷ್ಟು ಅಗಲ ಬಳಸಬೇಕು, ಎಷ್ಟು ಜೋರಾಗಿ ಕೂಗಬೇಕು, ಯಾರಿಗೆ ಮೊದಲು ಉತ್ತರಿಸಬೇಕು ಎನ್ನುವುದೆಲ್ಲ ಫರ್ಮ್‌ವೇರ್ ಮಾತು. ಡಬ್ಬ ಅದೇ ಇರಲಿ, ಈ ಬುದ್ಧಿ ಬದಲಾದರೆ ಅದರ ನಡತೆಯೇ ಬೇರೆ. ಇದು ಲೋಕಕ್ಕೆ ಚೆನ್ನಾಗಿ ಗೊತ್ತಾಗಿದ್ದು ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೌಟರ್‌ನಿಂದ. 2002ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಅದರೊಳಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಅಡಗಿರುವುದನ್ನು ಮರುವರ್ಷವೇ ಆಸಕ್ತರು ಪತ್ತೆ ಹಚ್ಚಿದರು. ಲಿನಕ್ಸ್‌ನ ಲೈಸೆನ್ಸ್ ಪ್ರಕಾರ ಕಂಪನಿ ಮೂಲ ಸಂಕೇತವನ್ನು ಬಿಚ್ಚಿಡಬೇಕಾಯಿತು. ಅದನ್ನೇ ನೆಲಗಟ್ಟಾಗಿಸಿಕೊಂಡು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಫರ್ಮ್‌ವೇರ್ ಹುಟ್ಟಿತು. ಅಂದಿನಿಂದ ಮನೆಮನೆಯ ಡಬ್ಬಗಳೂ ಪ್ರಯೋಗಶಾಲೆಗಳೇ.

ಹಾಗಾದರೆ 94 ಎಲ್ಲಿಂದ ಬಂತು? ತಟ್ಟೆಗೆ ಇಂಟರ್ನೆಟ್ ತಲುಪುವುದು ಗೋಡೆಯೊಳಗಿನ ಕೇಬಲ್ಲಿನ ಮೂಲಕ. ಆ ಕೇಬಲ್ ಸುಲಿದರೆ ಎಂಟು ಸಣ್ಣ ತಂತಿಗಳು, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. ಸೆಕೆಂಡಿಗೆ ಸಾವಿರ ಮೆಗಾಬಿಟ್ ಓಡಿಸಲು ನಾಲ್ಕೂ ಜೋಡಿ ಬೇಕು. ನೂರು ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು. ಉಳಿದೆರಡು ಜೋಡಿಯ ಒಂದು ತಂತಿ ಪ್ಲಗ್ಗಿನೊಳಗೆ ಹಿಡಿತ ಕಳೆದುಕೊಂಡರೆ ಎರಡು ತುದಿಯ ಯಂತ್ರಗಳೂ ಗಲಾಟೆ ಮಾಡುವುದಿಲ್ಲ. ಸಾವಿರ ಆಗದಿದ್ದರೆ ನೂರರಲ್ಲೇ ಸಂಸಾರ ನಡೆಸೋಣ ಎಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳುತ್ತವೆ. ಆ ನೂರರಲ್ಲೂ ಪೂರ್ತಿ ನಮ್ಮ ಪಾಲಿಗೆ ಬರುವುದಿಲ್ಲ. ಪ್ರತಿ ಪ್ಯಾಕೆಟ್ಟಿಗೂ ವಿಳಾಸ, ತಪ್ಪು ಹಿಡಿಯುವ ಲೆಕ್ಕ, ನಡುವಿನ ಬಿಡುವು ಎಲ್ಲ ಸೇರಿ ತಂತಿಯ ಮೇಲೆ 1538 ಬೈಟ್‌ಗಳ ಜಾಗ ಹಿಡಿಯುತ್ತದೆ. ಅದರಲ್ಲಿ ನಿಜವಾದ ಸರಕು 1448 ಬೈಟ್. ಭಾಗಿಸಿ ನೋಡಿ, ನೂರಕ್ಕೆ 94 ಚಿಲ್ಲರೆ. ಕೇಬಲ್ ನೂರಕ್ಕೆ ಇಳಿದಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಬೆರಳಚ್ಚು ಬೇಡ.

ಸ್ಟೂಲ್ ಹತ್ತಿ ನೋಡಿದೆ. ಮಾಡೆಲ್ ನಂಬರ್ ಓದುವ ಭರದಲ್ಲಿ ಹುಡುಗ ತಟ್ಟೆಯನ್ನು ತಿರುಚಿದ್ದನಲ್ಲ, ಆಗ ಪ್ಲಗ್ಗಿನ ಕುತ್ತಿಗೆ ಮಡಿಚಿ ಕಂದು ಬಣ್ಣದ ತಂತಿ ಒಳಗಿನಿಂದ ಜಾರಿತ್ತು. ತುದಿ ಕತ್ತರಿಸಿ ಹೊಸ ಪ್ಲಗ್ ಒತ್ತಿಸಿದೆವು. ಬೀಟಾ ಏರಿಸುವ ಮೊದಲೇ ಆದ ಗಾಯ ಅದು, ಆದರೆ ಏಟು ತಿಂದದ್ದು ಬೀಟಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದು ಇದಕ್ಕೇ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಮನೆಯಲ್ಲಿ ಒಂದು ವಾರ ಮೆರೆಯಬಹುದಿತ್ತು. ಆದರೆ ಹೊಸ ಪ್ಲಗ್ ಹಾಕಿದ ಮೇಲೆ ಹಜಾರದಲ್ಲಿ ಸಿಕ್ಕಿದ್ದು 190. ಮುನ್ನೂರಲ್ಲ. ಎಮ್ಮೆಗೂ ಸ್ವಲ್ಪ ಮೈ ಬಿಸಿ ಇತ್ತು.

ಇನ್ನು ಹವೆಯ ಮಾತು. ವೈಫೈ ವೇಗವೆಂದರೆ ನಲ್ಲಿಯಲ್ಲಿ ಬರುವ ನೀರಿನ ಹಾಗೆ ಎಂದು ಬಹಳ ಜನ ಭಾವಿಸಿದ್ದಾರೆ. ಒಂದೇ ಹಗ್ಗದ ಬಾವಿ ಎಂದುಕೊಂಡರೆ ಸತ್ಯಕ್ಕೆ ಹತ್ತಿರ. ಒಂದು ಚಾನೆಲ್ಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಪ್ರತಿಯೊಂದು ಯಂತ್ರವೂ ಮೊದಲು ಕಿವಿಗೊಟ್ಟು ಕೇಳುತ್ತದೆ. ಯಾರೂ ಮಾತಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೂ ತಕ್ಷಣ ಬಾಯಿ ಹಾಕುವುದಿಲ್ಲ. ಮನಸ್ಸಿಗೆ ಬಂದ ಒಂದು ಸಂಖ್ಯೆ ಹಿಡಿದು, 9 ಮೈಕ್ರೋಸೆಕೆಂಡಿಗೆ ಒಂದರಂತೆ ಇಳಿಎಣಿಕೆ ಮಾಡಿ, ಆಗಲೂ ಮೌನವಿದ್ದರೆ ಮಾತ್ರ ಕಳಿಸುತ್ತದೆ. ಆಚೆಯವರು ‘ಬಂತು’ ಎಂದು ಉತ್ತರಿಸಿದರೆ ಆಯಿತು, ಇಲ್ಲದಿದ್ದರೆ ಮೊದಲಿನಿಂದ. ಈ ಸೌಜನ್ಯಕ್ಕೇ ಬಹಳ ಹೊತ್ತು ಹೋಗುತ್ತದೆ. ಪಕ್ಕದ ಮನೆಯವರ ಡಬ್ಬವೂ ಅದೇ ಚಾನೆಲ್ಲಿನಲ್ಲಿದ್ದರೆ ಅದೂ ಇದೇ ಸಾಲಿನಲ್ಲಿ ಬಿಂದಿಗೆ ಹಿಡಿದು ನಿಂತಿರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ ಏಕೆ ಅಷ್ಟು ಸೋಮಾರಿ ಎಂದರೆ ಅಲ್ಲಿ ಒಂದಕ್ಕೊಂದು ತಗುಲದ ಚಾನೆಲ್ಲುಗಳು 1, 6, 11 ಎಂಬ ಮೂರೇ. ಮನೆಗಳು ನೂರಾರು.

ಬಾವಿಕಟ್ಟೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸರದಿಗೆ ಒಂದೊಂದು ಬಿಂದಿಗೆ ಎನ್ನುವುದು ನ್ಯಾಯದ ನಿಯಮವೇ. ಆದರೆ ಸಾಲಿನಲ್ಲಿ ಕೈ ಸೋತ ಅಜ್ಜಿಯೊಬ್ಬರಿದ್ದರೆ? ಅವರ ಒಂದು ಬಿಂದಿಗೆ ಮೇಲೆ ಬರುವಷ್ಟರಲ್ಲಿ ಗಟ್ಟಿಗರು ಹತ್ತು ಸೇದಬಹುದಿತ್ತು. ಸರದಿ ಸಮ, ನೀರೂ ಸಮ, ಹಗ್ಗ ಮಾತ್ರ ಬಹುಪಾಲು ಹೊತ್ತು ಅಜ್ಜಿಯ ಕೈಯಲ್ಲಿ. ಎಲ್ಲರ ವೇಗವೂ ಅಜ್ಜಿಯ ವೇಗದ ಹತ್ತಿರಕ್ಕೆ ಇಳಿಯುತ್ತದೆ. ವೈಫೈನಲ್ಲಿ ಈ ಅಜ್ಜಿ ಯಾರು? ಮೂರು ಗೋಡೆಯಾಚೆ ಕೂತು ಕ್ಷೀಣ ಸಂಕೇತದಲ್ಲಿ ನಿಧಾನವಾಗಿ ಮಾತಾಡುವ ಹಳೆಯ ಫೋನು. ಫ್ರಾನ್ಸಿನ ಗ್ರೆನೋಬಲ್‌ನ ಮಾರ್ಟಿನ್ ಹ್ಯೂಸ್ ಮತ್ತು ಸಂಗಡಿಗರು 2003ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಬಿಂದಿಗೆ ಎಣಿಸುವುದನ್ನು ಬಿಟ್ಟು ಹಗ್ಗ ಹಿಡಿದ ಹೊತ್ತನ್ನು ಎಣಿಸಿ, ಎಲ್ಲರಿಗೂ ಸಮಯವನ್ನು ಸಮನಾಗಿ ಹಂಚಿ ಎನ್ನುವ ಪರಿಹಾರ ಗೊತ್ತಿತ್ತು. ಅದು ಲಿನಕ್ಸ್‌ನೊಳಗೆ ಚೆನ್ನಾಗಿ ನೆಲೆಯೂರಿದ್ದು ಡೇವ್ ಟಾಹ್ಟ್, ಟೋಕೆ ಹೊಯ್ಲಂಡ್-ಯೋರ್ಗೆನ್‌ಸೆನ್ ಮುಂತಾದವರ ಕೆಲಸದಿಂದ, 2017ರ ಆಸುಪಾಸಿನಲ್ಲಿ. ಡಬ್ಬದಲ್ಲಿ ಒಂದು ಸ್ಕ್ರೂ ಕೂಡ ಬದಲಾಗಲಿಲ್ಲ, ಬದಲಾಗಿದ್ದು ಬಾವಿಕಟ್ಟೆಯ ನಿಯಮ ಅಷ್ಟೇ. ಬೀಟಾ ಹಾಕುವವರನ್ನು ಕೆಲಸವಿಲ್ಲದವರು ಎಂದು ನಾನು ಗೇಲಿ ಮಾಡದಿರುವುದಕ್ಕೆ ಇದೇ ಕಾರಣ. ಇಂಥ ನಿಯಮಗಳು ಪಳಗುವುದು ಅವರ ಮನೆಗಳಲ್ಲೇ.

ನಮ್ಮ ಮನೆಯ 190ಕ್ಕೆ ಅಜ್ಜಿ ಕಾರಣವಲ್ಲ. ಅದನ್ನು ಹೇಳಿಕೊಟ್ಟದ್ದು ಇನ್ನೊಂದು ಸಂಖ್ಯೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿದರೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಲಿಂಕ್ ಸ್ಪೀಡ್ ಎಷ್ಟೆಂದು ತೋರಿಸುತ್ತವೆ. ಇಂಟರ್ನೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಫೋನೂ ತಟ್ಟೆಯೂ ಪರಸ್ಪರ ಎಷ್ಟು ಬಿರುಸಾಗಿ ಮಾತಾಡಲು ಒಪ್ಪಿವೆ ಎನ್ನುವುದಷ್ಟೇ ಅದು. ತಟ್ಟೆಯ ಕೆಳಗೇ ನಿಂತು ನೋಡಿದರೆ 286 ಎಂದಿತ್ತು. ಮೊದಲು ಅಲ್ಲಿ 1201 ಇರುತ್ತಿತ್ತು.

ಈ ಲೆಕ್ಕ ಚಂದವಾಗಿದೆ, ಬಿಡಿಸಿಯೇ ನೋಡೋಣ. ವೈಫೈ 6ರಲ್ಲಿ ಚಾನೆಲ್ ಒಂದನ್ನು ನೂರಾರು ಸಣ್ಣ ಎಳೆಗಳಾಗಿ ಸೀಳಿರುತ್ತಾರೆ. 20 ಮೆಗಾಹರ್ಟ್ಸ್ ಅಗಲದ ಚಾನೆಲ್ಲಿನಲ್ಲಿ ಮಾಹಿತಿ ಹೊರುವ ಎಳೆಗಳು 234. ಸಂಕೇತ ಸ್ವಚ್ಛವಾಗಿದ್ದರೆ ಒಂದೊಂದು ಎಳೆಯೂ ಒಂದು ಸಲಕ್ಕೆ 10 ಬಿಟ್ ಹೊರುತ್ತದೆ, ಒಟ್ಟು 2340. ಅದರಲ್ಲಿ ಆರನೇ ಒಂದು ಪಾಲು ತಪ್ಪು ತಿದ್ದುವ ಮುಂಜಾಗ್ರತೆಗೆ ಮೀಸಲು, ಉಳಿದದ್ದು 1950. ಆಂಟೆನಾಗಳು ಎರಡು ಧಾರೆ ಹರಿಸುವುದರಿಂದ 3900. ಇಷ್ಟೂ ನಡೆಯುವುದು 13.6 ಮೈಕ್ರೋಸೆಕೆಂಡಿನಲ್ಲಿ. ಸೆಕೆಂಡಿಗೆ ಎಷ್ಟಾಯಿತು? 286.8 ಮೆಗಾಬಿಟ್. ಚಾನೆಲ್ 80 ಮೆಗಾಹರ್ಟ್ಸ್ ಅಗಲವಿದ್ದರೆ ಎಳೆಗಳು 980, ಉತ್ತರ 1201. ಸರದಿಯ ಸೌಜನ್ಯಕ್ಕೆ ಮೂರನೇ ಒಂದು ಪಾಲು ಕಳೆದರೆ 286ರಲ್ಲಿ ಕೈಗೆ ಸಿಗುವುದು ಸುಮಾರು 190. ಅಂದರೆ ಸಂಕೇತ ಗಟ್ಟಿಯಾಗಿಯೇ ಇದೆ, ಗೋಡೆ, ಪಕ್ಕದ ಮನೆ ಯಾವುದರ ತಪ್ಪೂ ಇಲ್ಲ, ರಸ್ತೆಯನ್ನೇ ಯಾರೋ ಕಿರಿದು ಮಾಡಿದ್ದಾರೆ.

ಯಾರು ಮಾಡಿದ್ದು? ಬೀಟಾ. ಹಳೆಯ ಆವೃತ್ತಿಯಲ್ಲಿ ನಾವು 80 ಎಂದು ಬರೆದಿಟ್ಟಿದ್ದನ್ನು ಹೊಸದು ಓದಿಕೊಳ್ಳದೆ ತನ್ನ ರೂಢಿಯ 20ಕ್ಕೆ ಇಳಿಸಿತ್ತು. ಆವೃತ್ತಿ ಬದಲಾಗುವಾಗ ಹಳೆಯ ಸೆಟ್ಟಿಂಗ್ ಹೊಸದರ ಕಿವಿಗೆ ಬೀಳದಿರುವುದು ಬೀಟಾಗಳ ಹಳೇ ಚಾಳಿ. ಮೆನುವಿನಲ್ಲಿ 80 ಆರಿಸಿದೆವು, ಮುನ್ನೂರು ಬಂತು. ಒತ್ತೊತ್ತಾದ ಅಪಾರ್ಟ್‌ಮೆಂಟ್‌ನಲ್ಲಿ ಅಗಲ ರಸ್ತೆ ಎಂದರೆ ಹೆಚ್ಚು ನೆರೆಯವರ ಜೊತೆ ಜಗಳ, ಅಲ್ಲಿ 40 ಅಥವಾ 20 ಇರುವುದೇ ಲೇಸು. ನಮ್ಮದು ಬಿಡಿ ಮನೆ, ಹಾಗಾಗಿ ನಡೆಯಿತು.

ಬೆರಳಚ್ಚು ಬಿಡುವ ಇನ್ನೊಂದು ಸಂಖ್ಯೆ 54. ಲಿಂಕ್ ಸ್ಪೀಡ್ 54ರ ಮೇಲೆ ಏಳದಿದ್ದರೆ ಪಾಸ್‌ವರ್ಡ್ ರಕ್ಷಣೆಯ ಬಗೆಯನ್ನು ನೋಡಿ. ಟಿಕೆಐಪಿ ಎಂಬ ಹಳೆಯ ಬೀಗವಿದ್ದರೆ 2009ರ ನಂತರದ ವೇಗಗಳನ್ನು ಕೊಡಕೂಡದು ಎಂದು ವೈಫೈ ಮಾನದಂಡವೇ ವಿಧಿಸಿದೆ. ಎಇಎಸ್ ಆರಿಸಿದರೆ ಸರಿಹೋಗುತ್ತದೆ.

ಬೀಟಾದ ನಿಜವಾದ ಪಾಪಗಳಲ್ಲಿ ದೊಡ್ಡದು ಅಡ್ಡದಾರಿ ಮುಚ್ಚಿಕೊಳ್ಳುವುದು. ಇದು ಹೆಚ್ಚಾಗಿ ರೌಟರ್ ಕೆಲಸವನ್ನೂ ತಾನೇ ಮಾಡುವ ಡಬ್ಬಗಳಿಗೆ ಬರುವ ಕಾಯಿಲೆ, ನಮ್ಮ ಮನೆಗಳಲ್ಲಿ ಹೆಚ್ಚಿನವು ಅಂಥವೇ. ಒಂದು ಗಿಗಾಬಿಟ್ ವೇಗದಲ್ಲಿ ಸೆಕೆಂಡಿಗೆ ಸುಮಾರು 81 ಸಾವಿರ ದೊಡ್ಡ ಪ್ಯಾಕೆಟ್ಟುಗಳು ಹಾಯುತ್ತವೆ. ಒಂದೊಂದಕ್ಕೆ ಸಿಗುವುದು 12 ಮೈಕ್ರೋಸೆಕೆಂಡ್. ಅಗ್ಗದ ಪ್ರೊಸೆಸರ್ ಇದನ್ನೆಲ್ಲ ತಾನೇ ಬಿಡಿಸಿ, ವಿಳಾಸ ತಿದ್ದಿ ಕಳಿಸಲು ಹೋದರೆ ಬೆನ್ನು ಮುರಿದುಕೊಳ್ಳುತ್ತದೆ. ಅದಕ್ಕೇ ಚಿಪ್ಪಿನೊಳಗೆ ಪ್ರೊಸೆಸರನ್ನು ಮುಟ್ಟದೆ ಸಾಗುವ ಪ್ರತ್ಯೇಕ ದಾರಿ ಇರುತ್ತದೆ. ಹೊಸ ಆವೃತ್ತಿಯಲ್ಲಿ ಆ ದಾರಿ ಇನ್ನೂ ಸಿದ್ಧವಾಗಿರದಿದ್ದರೆ, ಅಥವಾ ನಾವೇ ‘ಯಾರು ಎಷ್ಟು ಡೇಟಾ ಬಳಸಿದರು’ ಎಂಬ ಲೆಕ್ಕದ ಸೌಲಭ್ಯ ಹಚ್ಚಿ ಅದನ್ನು ಮುಚ್ಚಿಸಿದರೆ, ಎಲ್ಲ ಭಾರ ಪ್ರೊಸೆಸರ್ ತಲೆಗೆ. ಲಕ್ಷಣ ಇಷ್ಟೇ: ತಂತಿಯಲ್ಲೂ ವೈಫೈನಲ್ಲೂ ಇಂಟರ್ನೆಟ್ ಒಂದೇ ಸಮ ನಿಧಾನ, ಡಬ್ಬ ಬಿಸಿ.

ತಪಾಸಣೆಯನ್ನು ಮೂಲದಿಂದ ತುದಿಯ ಕಡೆಗೆ ಮಾಡಬೇಕು, ಪೈಪಿನ ಸೋರಿಕೆ ಹುಡುಕುವ ಹಾಗೆ. ಮೊದಲು ಲ್ಯಾಪ್‌ಟಾಪನ್ನು ಮುಖ್ಯ ರೌಟರ್‌ಗೆ ತಂತಿಯಲ್ಲಿ ಸೇರಿಸಿ ಅಳೆಯಿರಿ. ಬಳಿಕ ಆಕ್ಸೆಸ್ ಪಾಯಿಂಟಿಗೆ ಹೋಗುವ ಕೇಬಲ್ಲನ್ನೇ ಕಳಚಿ ಲ್ಯಾಪ್‌ಟಾಪಿಗೆ ಚುಚ್ಚಿ ಅಳೆಯಿರಿ. ಬಳಿಕ ಡಬ್ಬದಿಂದ ಹತ್ತಡಿ ದೂರದಲ್ಲಿ, ವೈಫೈನಲ್ಲಿ. ಕೊನೆಗೆ ಒಳಕೋಣೆಯಲ್ಲಿ. ಎಲ್ಲಿ ಸಂಖ್ಯೆ ಕುಸಿಯಿತೋ ಕಳ್ಳ ಅಲ್ಲೇ. ಒಳಕೋಣೆಯಲ್ಲಿ ಮಾತ್ರ ಕುಸಿದರೆ ಬೀಟಾವನ್ನು ಬಿಟ್ಟು ಗೋಡೆಯನ್ನು ಕೇಳಿ: ಸಂಕೇತದ ಬಲ ಮೈನಸ್ 50 ಡಿಬಿಎಂ ಇದ್ದದ್ದು ಮೈನಸ್ 70 ಆಯಿತೆಂದರೆ ಅದು ನೂರರಲ್ಲಿ ಒಂದು ಪಾಲಿಗೆ ಇಳಿದಿದೆ ಎಂದರ್ಥ. ಸ್ಪೀಡ್ ಟೆಸ್ಟ್ ಆಪ್‌ಗಳು ಹೊರಗಿನ ಸರ್ವರ್ ಮುಟ್ಟಿ ಬರುವುದರಿಂದ ಸಂಜೆಯ ದಟ್ಟಣೆಯನ್ನೂ ನಿಮ್ಮ ಡಬ್ಬದ ಲೆಕ್ಕಕ್ಕೆ ಬರೆಯುತ್ತವೆ. ಮನೆಯೊಳಗಿನ ಎರಡು ಕಂಪ್ಯೂಟರುಗಳ ನಡುವೆಯೇ ಅಳೆಯುವ ಐಪರ್ಫ್3 ಎಂಬ ಉಚಿತ ತಂತ್ರಾಂಶ ಆ ಮಟ್ಟಿಗೆ ಪ್ರಾಮಾಣಿಕ.

ಎಲ್ಲ ಆದಮೇಲೂ ಅನುಮಾನ ಬೀಟಾದ ಮೇಲೇ ಉಳಿದರೆ ಹಳೆಯ ಆವೃತ್ತಿ ಹಾಕಿ, ಅದೇ ಜಾಗ, ಅದೇ ಹೊತ್ತಿನಲ್ಲಿ ಮೂರು ಸಲ ಅಳೆಯಿರಿ. ಸರಿಹೋಯಿತೆ? ಅಷ್ಟಕ್ಕೇ ಶಿಕ್ಷೆ ಬರೆಯಬೇಡಿ. ಡಬ್ಬ ಮರುಚಾಲನೆಯಾದಾಗ ಬೇರೆ ಚಾನೆಲ್ ಹಿಡಿದಿರಬಹುದು, ಗುಣವಾದದ್ದು ಅದರಿಂದಲೂ ಇರಬಹುದು. ಇನ್ನೊಮ್ಮೆ ಬೀಟಾ ಹಾಕಿ ಕಾಯಿಲೆ ಮರಳಿ ಬಂದರೆ ಮಾತ್ರ ಅಪರಾಧ ಸಾಬೀತು. ಕೆಲವು ಡಬ್ಬಗಳು ಹಿಂದಿನ ಆವೃತ್ತಿಗೆ ಹೋಗಲು ಬಿಡುವುದೇ ಇಲ್ಲ. ಅದನ್ನು ಬೀಟಾ ಏರಿಸುವ ಮೊದಲೇ ವಿಚಾರಿಸಿಕೊಳ್ಳಬೇಕು, ಸೆಟ್ಟಿಂಗ್ಸ್‌ನ ಬ್ಯಾಕಪ್ ತೆಗೆದಿಡಬೇಕು, ಮತ್ತು ಮರುದಿನ ಮನೆಯಲ್ಲಿ ಯಾರಿಗೂ ಆನ್‌ಲೈನ್ ಪರೀಕ್ಷೆ ಇರಬಾರದು.

ತಪ್ಪು ಬೀಟಾದ್ದೇ ಎಂದು ತಿಳಿದರೆ ಸುಮ್ಮನೆ ಹಳೆಯದಕ್ಕೆ ಮರಳಿ ಕೈ ತೊಳೆದುಕೊಳ್ಳಬೇಡಿ, ತಯಾರಕರಿಗೆ ಬರೆಯಿರಿ. ‘ತುಂಬಾ ಸ್ಲೋ’ ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಮಾಡೆಲ್, ಎರಡೂ ಆವೃತ್ತಿಗಳ ಸಂಖ್ಯೆ, ಚಾನೆಲ್, ಅದರ ಅಗಲ, ಲಿಂಕ್ ಸ್ಪೀಡ್, ಎಷ್ಟು ಅಡಿ ದೂರದಲ್ಲಿ ಅಳೆದದ್ದು ಎನ್ನುವುದನ್ನು ಬರೆಯಿರಿ. ನಮ್ಮ ಹುಡುಗ ಹಾಗೆಯೇ ನಾಲ್ಕು ಸಾಲು ಬರೆದು ಕಳಿಸಿದ. ಮುಂದಿನ ಬೀಟಾದಲ್ಲಿ 80 ಅನ್ನುವುದು 80 ಆಗಿಯೇ ಉಳಿಯಿತು.