ಮಾರ್ಸೊ ರಸ್ತೆಯ 5ನೇ ನಂಬರಿನ ಮನೆ

ಪ್ಯಾರಿಸ್ಸಿನ ಆಲ್ಮಾ-ಮಾರ್ಸೊ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಸೇನ್ ನದಿ, ಅದರಾಚೆ ಐಫೆಲ್ ಗೋಪುರ. ಜೊತೆಗೆ ಇಳಿದವರೆಲ್ಲ ಆ ಕಡೆಗೇ ಹೊರಟರು. ನಾನು ನದಿಗೆ ಬೆನ್ನು ಮಾಡಿ ಮಾರ್ಸೊ ರಸ್ತೆಗೆ ಹೊರಳಿದೆ. 2018ರ ನವೆಂಬರ್. ಜಿಟಿಜಿಟಿ ಮಳೆ, ತಲೆಯ ಮೇಲೆ ಸ್ವೆಟರಿನ ಟೋಪಿ, ಸೀರೆಯ ಮೇಲೊಂದು ದಪ್ಪ ಕೋಟು. ಕೆಲವೇ ಹೆಜ್ಜೆಗೆ 5ನೇ ನಂಬರಿನ ಮನೆ ಸಿಕ್ಕಿತು. ಮೂರನೇ ನೆಪೋಲಿಯನ್ ಕಾಲದ ಶೈಲಿಯ ಕಲ್ಲಿನ ಕಟ್ಟಡ. ಬಾಗಿಲ ಬಳಿ ಅಬ್ಬರವಿಲ್ಲ. ಗೊತ್ತಿಲ್ಲದವರು ಇದನ್ನು ಯಾವುದೋ ರಾಯಭಾರ ಕಚೇರಿ ಎಂದುಕೊಂಡು ದಾಟಿಹೋಗಬಹುದು.

1974ರಿಂದ 2002ರವರೆಗೆ ಇದು ಫ್ಯಾಷನ್ ವಿನ್ಯಾಸಕ ಇವ್ ಸ್ಯಾಂ ಲೊರಾಂ ಅವರ ಉಡುಪಿನ ಮನೆಯಾಗಿತ್ತು. 2017ರ ಅಕ್ಟೋಬರ್ 3ರಿಂದ ಅದೇ ಮನೆ ಅವರ ಹೆಸರಿನ ಮ್ಯೂಸಿಯಂ. ‘ಮನೆ’ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಫ್ರೆಂಚರು ಇಂಥ ಸಂಸ್ಥೆಯನ್ನು ‘ಮೇಸೊಂ’ ಎನ್ನುತ್ತಾರೆ, ಅಂದರೆ ಮನೆ. ಒಬ್ಬೊಬ್ಬ ಗಿರಾಕಿಯ ಮೈಯಳತೆಗೂ ಬೇರೆಯಾಗಿ, ಬಹುಪಾಲು ಕೈಯಲ್ಲೇ ಹೊಲಿಯುವ ಉಡುಪಿಗೆ ಅವರು ‘ಓತ್ ಕುತ್ಯೂರ್’ ಎಂಬ ಹೆಸರಿಟ್ಟಿದ್ದಾರೆ. ಅದರ ಕೆಲಸವೆಲ್ಲ ನಡೆಯುತ್ತಿದ್ದದ್ದು ಈ ಸೂರಿನ ಅಡಿಯಲ್ಲೇ. ಕೆಳಗೆ ಗಿರಾಕಿಗಳು ಕೂರುವ ಹಜಾರ, ಮೇಲೆ ಹೊಲಿಗೆಯವರ ಕೋಣೆಗಳು, ನಡುವೆ ಚಿತ್ರ ಬರೆಯುವವನ ಸ್ಟುಡಿಯೊ.

ಒಳಗೆ ಹೋದ ಕೂಡಲೇ ಸಿಗುವುದು ಆ ಹಜಾರ. ಕಾಲು ಇಟ್ಟಲ್ಲಿ ಸದ್ದಿಲ್ಲ, ಬೆಳಕು ಮಂದ. ಬಟ್ಟೆಯ ಬಣ್ಣಕ್ಕೆ ಬೆಳಕೇ ಶತ್ರು. ಹಾಗಾಗಿ ಬಟ್ಟೆಯ ಮ್ಯೂಸಿಯಂಗಳಲ್ಲಿ ದೀಪವನ್ನು ಸಾಮಾನ್ಯವಾಗಿ 50 ಲಕ್ಸ್ ಆಸುಪಾಸಿಗೆ ಇಳಿಸಿರುತ್ತಾರೆ. ಮುಸ್ಸಂಜೆ ಹೊತ್ತಿನಲ್ಲಿ ದೇವರ ಮನೆಗೆ ಹೋದ ಹಾಗೆ ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಅಷ್ಟು ಹೊತ್ತು ಸುಮ್ಮನೆ ನಿಂತರೆ ಕಪ್ಪು ಗೋಡೆಯಿಂದ ಜರಿ ಒಂದೊಂದೇ ಎಳೆಯಾಗಿ ಮೇಲೆದ್ದು ಬರುತ್ತದೆ.

ನಾನು ಹೋದಾಗ ನಡೆಯುತ್ತಿದ್ದ ಪ್ರದರ್ಶನದ ವಸ್ತು ‘ಸ್ಯಾಂ ಲೊರಾಂ ಕನಸಿದ ಏಷ್ಯಾ’. ಭಾರತ, ಚೀನಾ, ಜಪಾನ್ ಮೂರನ್ನೂ ಅವರು ಹೇಗೆ ಕಲ್ಪಿಸಿಕೊಂಡರು ಎಂದು ತೋರಿಸುವ ಐವತ್ತರಷ್ಟು ಉಡುಪುಗಳು, ಪಕ್ಕದಲ್ಲೇ ಆ ದೇಶಗಳ ಹಳೆಯ ಕಲಾವಸ್ತುಗಳು. ಭಾರತದ ಭಾಗದ ಮುಂದೆ ನನ್ನ ಕಾಲು ನಿಂತುಬಿಟ್ಟಿತು. ನಮ್ಮ ರಾಜರ ದರ್ಬಾರಿನ ನಿಲುವಂಗಿ ಪ್ಯಾರಿಸ್ಸಿನ ಹೆಂಗಸಿನ ಸಂಜೆಯ ಕೋಟಾಗಿ ಬಂದಿತ್ತು. ಪೇಟ, ಪೇಟಕ್ಕೊಂದು ಆಭರಣ, ಮೈತುಂಬ ಬುಟ್ಟಾ. ಗಂಡಸಿನ ಅಂಗಿಯನ್ನು ಹೆಣ್ಣಿಗೆ ತೊಡಿಸುವುದು ಈತನ ಜೀವಮಾನದ ಚಾಳಿ. ಇಲ್ಲಿ ಅದಕ್ಕೆ ನಮ್ಮ ಮಹಾರಾಜರ ಉಡುಪು ಸಿಕ್ಕಿದೆ, ಅಷ್ಟೇ. ಏಷ್ಯಾವನ್ನು ಅವರು ಬಹುಪಾಲು ಓಡಾಡಿ ಕಂಡದ್ದಲ್ಲ. ಪುಸ್ತಕ, ಚಿತ್ರ, ಮನೆಯಲ್ಲಿ ಕೂಡಿಸಿಟ್ಟ ವಸ್ತುಗಳಿಂದ ಕಟ್ಟಿಕೊಂಡದ್ದು. ಅರಮನೆಯ ಜರತಾರಿ ಇದೆ, ಅದನ್ನು ನೇಯ್ದವನ ಗುಳಿಮಗ್ಗ ಇಲ್ಲ. ಆ ಕೊರತೆ ನನ್ನ ಮನಸ್ಸಿಗೆ ತಾಗಿತು. ಆದರೂ ಒಂದು ಕೋಟಿನ ತೋಳಿನಲ್ಲಿ ಎಡದ ಬುಟ್ಟಾ ಬಲದ ಬುಟ್ಟಾಕ್ಕೆ ಹೊಲಿಗೆ ಗೆರೆಯ ಮೇಲೇ ಕೂದಲೆಳೆಯಷ್ಟೂ ತಪ್ಪದೆ ಕೂಡಿಕೊಂಡದ್ದನ್ನು ನೋಡಿ ಕೈ ಮುಗಿಯಬೇಕೆನಿಸಿತು. ಹೊಲಿಗೆ ಬಲ್ಲವರಿಗೆ ಅದರ ಬೆಲೆ ಗೊತ್ತು.

ಹಜಾರ ದಾಟಿದರೆ ಕಾಗದಗಳು ಶುರುವಾಗುತ್ತವೆ. ನನ್ನನ್ನು ಕೇಳಿದರೆ, ಈ ಮನೆಯ ನಿಜವಾದ ಆಸ್ತಿ ಇದೇ.

ಒಂದು ಉಡುಪಿಗೆ ಒಂದು ಹಾಳೆ. ಮೇಲೆ ಪೆನ್ಸಿಲಿನಲ್ಲಿ ನಾಲ್ಕೇ ಗೆರೆಯಲ್ಲಿ ಬರೆದ ಹೆಣ್ಣಿನ ಆಕೃತಿ. ಪಕ್ಕದಲ್ಲಿ ಹೊಲಿಗೆ ಕೋಣೆಯ ಮುಖ್ಯಸ್ಥರ ಹೆಸರು, ತೊಟ್ಟು ತೋರಿಸಿದ ರೂಪದರ್ಶಿಯ ಹೆಸರು, ಬಟ್ಟೆ ಎಲ್ಲಿಂದ ಬಂತು, ಗುಂಡಿ ಯಾರದು, ಕಸೂತಿ ಯಾರದು. ಅಂಚಿನಲ್ಲಿ ಆ ಬಟ್ಟೆಯದೇ ಒಂದು ಚೂರು, ಹೆಬ್ಬೆರಳಿನಗಲ, ಗುಂಡುಸೂಜಿಯಿಂದ ಚುಚ್ಚಿದ್ದು. ನಲವತ್ತು, ಐವತ್ತು ವರ್ಷದ ಹಿಂದಿನ ಚೂರು. ಉಡುಪು ಯಾವ ದೇಶದ ಯಾರ ಬೀರುವಿನಲ್ಲಿದೆಯೋ, ಇದೆಯೋ ಇಲ್ಲವೋ. ಈ ಚೂರು ಮಾತ್ರ ಅಂದಿನ ಬಣ್ಣದಲ್ಲೇ ಇದೆ.

ಆ ಹಾಳೆಯ ಮುಂದೆ ನನಗೆ ಅಮ್ಮನ ಅಳತೆ ಪುಸ್ತಕ ನೆನಪಾಯಿತು. ದಾವಣಗೆರೆಯಲ್ಲಿ ಅಮ್ಮ ಇಪ್ಪತ್ತಾರು ವರ್ಷ ರವಿಕೆ, ಲಂಗ ಹೊಲಿದಳು. ಗೆರೆ ಹಾಕಿದ ಉದ್ದನೆಯ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಅರ್ಧ ಪುಟ: ಎದೆ, ಸೊಂಟ, ತೋಳು, ಕುತ್ತಿಗೆಯ ಆಳ. ಗುರುತಿಗೆಂದು ರವಿಕೆ ಕಣದ ಒಂದು ಚೂರು, ಅದನ್ನೂ ಗುಂಡುಸೂಜಿಯಲ್ಲೇ ಚುಚ್ಚುತ್ತಿದ್ದಳು. ಸೂಜಿಯ ತುಕ್ಕು ಹಾಳೆಯಿಂದ ಹಾಳೆಗೆ ಇಳಿದು ಕಂದು ಚುಕ್ಕೆಗಳಾಗಿರುತ್ತಿದ್ದವು. ಯಾವ ವರ್ಷ ಉಬ್ಬು ತೋಳು ಬಂತು, ಯಾವಾಗ ಹಿಂದೆ ಕಟ್ಟುವ ದಾರ ಬಂತು, ಓಣಿಯ ಯಾವ ಹುಡುಗಿಯ ಮದುವೆಗೆ ಯಾವ ಬಣ್ಣ ಎಂದೆಲ್ಲ ಅದರಲ್ಲಿತ್ತು. ಮನೆ ಬದಲಿಸುವಾಗ ಹನ್ನೊಂದು ಪುಸ್ತಕಗಳನ್ನು ನಾವೇ ರದ್ದಿಯವನ ತಕ್ಕಡಿಗೆ ಹಾಕಿದೆವು. ಅಮ್ಮ ಬೇಡ ಎನ್ನಲಿಲ್ಲ. ಅದು ಇಟ್ಟುಕೊಳ್ಳುವ ವಸ್ತು ಎಂದು ಅವಳಿಗೂ ಯಾರೂ ಹೇಳಿರಲಿಲ್ಲ.

ಸ್ಯಾಂ ಲೊರಾಂ ಅವರಿಗೂ ಯಾರೂ ಹೇಳಿರಲಿಲ್ಲ, ಅವರಿಗೇ ಹೊಳೆಯಿತು. ಸ್ವಂತ ಉಡುಪಿನ ಸಂಸ್ಥೆ ಕಟ್ಟಿ ಮೂರೇ ವರ್ಷಕ್ಕೆ, 1964ರಿಂದಲೇ, ಮಾಡಿದ ಉಡುಪುಗಳಲ್ಲಿ ಕೆಲವನ್ನು ಮಾರದೆ ಎತ್ತಿಡತೊಡಗಿದರು. ಮುಂದೆ ಅದಕ್ಕೊಂದು ಕಟ್ಟುಪಾಡೇ ಆಯಿತು. ಪ್ರತಿ ಸಂಗ್ರಹದ ಪ್ರದರ್ಶನ ಮುಗಿದ ಮೇಲೆ ಉಳಿಸಬೇಕಾದ ಉಡುಪಿನ ಹಾಳೆಯ ಮೇಲೆ ‘ಎಂ’ ಎಂಬ ಒಂದಕ್ಷರ ಬೀಳುತ್ತಿತ್ತು. ‘ಎಂ’ ಅಂದರೆ ಮ್ಯೂಸಿಯಂ. ಆಗಿನ್ನೂ ಮ್ಯೂಸಿಯಂ ಎಲ್ಲಿತ್ತು? ಬಾಡಿಗೆ, ಸಂಬಳ, ಮುಂದಿನ ಸಂಗ್ರಹದ ಧಾವಂತದ ನಡುವೆ, ಕೈಬಿಸಿ ಇನ್ನೂ ಆರಿರದ ಬಟ್ಟೆಯನ್ನು ಇದು ನಾಳೆಯವರದು ಎಂದು ಪಕ್ಕಕ್ಕಿಡಲು ಬೇರೆಯದೇ ಎದೆಗಾರಿಕೆ ಬೇಕು. ಬೇರೆ ಮನೆಗಳು ತಮ್ಮ ಹಳೆಯ ಉಡುಪುಗಳನ್ನು ಹರಾಜಿನಲ್ಲಿ ಹುಡುಕಿ ಕೊಳ್ಳಬೇಕಾಗಿ ಬಂದದ್ದುಂಟು. ಈ ಮನೆ ಬಾಗಿಲು ಹಾಕಿದಾಗ ಎಲ್ಲ ಒಳಗೇ ಇತ್ತು. ಮ್ಯೂಸಿಯಂ ತೆರೆಯುವ ಹೊತ್ತಿಗೆ ಸುಮಾರು 5,000 ಉಡುಪು, 15,000 ಬಿಡಿ ಆಭರಣ, ಟೋಪಿ, ಪಾದರಕ್ಷೆಗಳು, ಜೊತೆಗೆ ಹತ್ತಾರು ಸಾವಿರ ಚಿತ್ರಹಾಳೆಗಳು.

ಹಾಗೆ ನೋಡಿದರೆ ಈ ಮನೆಯ ಪಾಯ ಪ್ಯಾರಿಸ್ಸಿನದಲ್ಲ. 1936ರ ಆಗಸ್ಟ್ 1ರಂದು ಅಲ್ಜೀರಿಯಾದ ಒರಾನ್ ಪಟ್ಟಣದಲ್ಲಿ ಹುಟ್ಟಿದ ಹುಡುಗ, ಹದಿನೇಳರ ಹರೆಯದಲ್ಲಿ ಅಮ್ಮನ ಪತ್ರಿಕೆಗಳಿಂದ ರೂಪದರ್ಶಿಯರ ಚಿತ್ರ ಕತ್ತರಿಸಿ ಹನ್ನೊಂದು ಕಾಗದದ ಗೊಂಬೆ ಮಾಡಿಕೊಂಡಿದ್ದ. ಅವಕ್ಕೆ ತೊಡಿಸಲು ಕಾಗದದಲ್ಲೇ ಐನೂರಕ್ಕೂ ಹೆಚ್ಚು ಬಟ್ಟೆ, ಚೀಲ, ಟೋಪಿ. ಅಷ್ಟಕ್ಕೇ ಬಿಡಲಿಲ್ಲ, ತನ್ನ ಹೆಸರಿನದೇ ಒಂದು ಮನೆ, ಪ್ಯಾರಿಸ್ಸಿನ ವಾಂದೋಮ್ ಚೌಕದ ವಿಳಾಸ, ಪ್ರದರ್ಶನದ ಕಾರ್ಯಕ್ರಮ ಪಟ್ಟಿ ಎಲ್ಲವನ್ನೂ ಬರೆದಿಟ್ಟಿದ್ದ. ಆ ಗೊಂಬೆಗಳೂ ಈ ಸಂಸ್ಥೆಯ ಸಂಗ್ರಹದಲ್ಲಿವೆ. ಮಕ್ಕಳ ಆಟದ ಸಾಮಾನನ್ನು ಜೋಪಾನ ಮಾಡುವ ಮನೆಯವರಿಗೆ ನನ್ನದೊಂದು ನಮಸ್ಕಾರ.

ಆಮೇಲಿನದು ಬಹಳ ಜನ ಬಲ್ಲ ಕಥೆ. ಕ್ರಿಸ್ಟಿಯನ್ ಡಿಯೋರ್ ಬಳಿ ಕೆಲಸ, 1957ರ ಅಕ್ಟೋಬರಿನಲ್ಲಿ ಡಿಯೋರ್ ತೀರಿಕೊಂಡಾಗ ಇಪ್ಪತ್ತೊಂದರ ಈ ಹುಡುಗನ ಹೆಗಲಿಗೆ ಇಡೀ ಸಂಸ್ಥೆ, 1960ರಲ್ಲಿ ಸೈನ್ಯದ ಕರೆ, ಆಸ್ಪತ್ರೆವಾಸ, ಆ ಕೆಲಸವೂ ಹೋಯಿತು. 1961ರ ಡಿಸೆಂಬರಿನಲ್ಲಿ ಸಂಗಾತಿ ಪಿಯೆರ್ ಬೆರ್ಜೆ ಜೊತೆ ಸೇರಿ ಸ್ವಂತ ಮನೆ ಕಟ್ಟಿದರು. ಹಣ ಹೂಡಿದವರು ಅಟ್ಲಾಂಟಾದ ಜೆ. ಮ್ಯಾಕ್ ರಾಬಿನ್ಸನ್. 1962ರ ಜನವರಿ 29ರಂದು ಸ್ಪೊಂತಿನಿ ಬೀದಿಯಲ್ಲಿ ಮೊದಲ ಪ್ರದರ್ಶನ.

ಬೆರ್ಜೆ ಬಗ್ಗೆ ಒಂದು ಮಾತು ಹೇಳಲೇಬೇಕು. ಒಬ್ಬ ಚಿತ್ರ ಬರೆದ, ಇನ್ನೊಬ್ಬ ಲೆಕ್ಕ ಬರೆದ ಎಂದು ಮುಗಿಸಿದರೆ ಅನ್ಯಾಯವಾಗುತ್ತದೆ. ವ್ಯಾಪಾರ 1993ರಲ್ಲಿ ಬೇರೆ ಕಂಪನಿಯ ಪಾಲಾಯಿತು, 1999ರಲ್ಲಿ ಮತ್ತೆ ಕೈ ಬದಲಾಯಿತು. ಇಂದು ಅಂಗಡಿಗಳಲ್ಲಿ ಕಾಣುವ ಹೆಸರು ಆ ಕವಲಿನದು. 2002ರಲ್ಲಿ ಓತ್ ಕುತ್ಯೂರ್ ನಿಂತಿತು, ಅದೇ ವರ್ಷದ ಡಿಸೆಂಬರ್ 5ರಂದು ಇಬ್ಬರೂ ಸೇರಿ ಪ್ರತಿಷ್ಠಾನ ಕಟ್ಟಿದರು. ಹಾಳೆಗಳೂ ಉಡುಪುಗಳೂ ಆ ಕೈಗೆ ಬಂದವು. 2008ರ ಜೂನ್ 1ರಂದು ಸ್ಯಾಂ ಲೊರಾಂ ಹೋದರು. ಮರುವರ್ಷ ಇಬ್ಬರೂ ಕೂಡಿಸಿದ್ದ ಚಿತ್ರ, ಶಿಲ್ಪಗಳನ್ನು ಬೆರ್ಜೆ ಹರಾಜಿಗಿಟ್ಟಾಗ 37 ಕೋಟಿ ಯೂರೋಗೂ ಹೆಚ್ಚು ಬಂತು. ಮನೆಯ ಗೋಡೆಯ ಮೇಲಿನ ಮೊಂಡ್ರಿಯಾನ್ ಚಿತ್ರಗಳು ಹೋದರೂ ಪೆನ್ಸಿಲ್ ಗೆರೆಯ ಹಾಳೆಗಳು ಹೋಗಲಿಲ್ಲ. ಮ್ಯೂಸಿಯಂ ಬಾಗಿಲು ತೆರೆಯಲು ಒಂದು ತಿಂಗಳೂ ಇರಲಿಲ್ಲ, 2017ರ ಸೆಪ್ಟೆಂಬರ್ 8ರಂದು ಬೆರ್ಜೆ ತೀರಿಕೊಂಡರು. ಅದೇ ಅಕ್ಟೋಬರಿನಲ್ಲಿ ಮೊರಾಕೊದ ಮರಾಕೇಶಿನಲ್ಲಿ ತೆರೆದ ಇನ್ನೊಂದು ಮ್ಯೂಸಿಯಮ್ಮನ್ನೂ ಅವರು ನೋಡಲಿಲ್ಲ.

ಮೊಂಡ್ರಿಯಾನ್ ಎಂದಾಗ ಆತನ ಚಿತ್ರಗಳಿಂದ ಸ್ಫೂರ್ತಿ ಪಡೆದ 1965ರ ಉಡುಪು ನೆನಪಾಗದೇ ಇರದು: ಬಿಳಿಯ ಮೇಲೆ ಕಪ್ಪು ಪಟ್ಟಿ, ಕೆಂಪು, ನೀಲಿ, ಹಳದಿ ಚೌಕ. ದೂರದಿಂದ ಅಚ್ಚು ಒತ್ತಿದ ಬಟ್ಟೆಯಂತೆ ಕಾಣುತ್ತದೆ. ಅಚ್ಚಲ್ಲ. ಒಂದೊಂದು ಬಣ್ಣವೂ ಬೇರೆ ತುಂಡು, ಉಣ್ಣೆಯ ಜರ್ಸಿ ಬಟ್ಟೆ, ಒಂದಕ್ಕೊಂದು ಕೂಡಿಸಿ ಹೊಲಿದದ್ದು. ಎದೆ, ಸೊಂಟದ ಉಬ್ಬುತಗ್ಗಿಗೆ ಬೇಕಾದ ಟಕ್ಸುಗಳೆಲ್ಲ ಆ ಜೋಡಣೆಯ ಹೊಲಿಗೆಯಲ್ಲೇ ಅಡಗಿವೆ. ಹಾಗಾಗಿ ತೊಟ್ಟವಳ ಮೈ ದುಂಡಗಿದ್ದರೂ ಗೆರೆ ನೆಟ್ಟಗೇ ಕಾಣುತ್ತದೆ. ಅದನ್ನು ಸಾವಿರಾರು ಜನ ಅಚ್ಚು ಒತ್ತಿ ನಕಲು ಮಾಡಿದರು. ನಕಲಿಗೂ ಅಸಲಿಗೂ ಇರುವ ಅಂತರ ಫೋಟೊದಲ್ಲಿ ಸಿಗದು. ಒಳಮಗ್ಗುಲು ತಿರುಗಿಸಿ ನೋಡಬೇಕು, ಅದಕ್ಕೇ ಬಟ್ಟೆಯನ್ನೇ ಉಳಿಸಬೇಕು.

ಉಳಿಸುವುದು ಅಂದರೆ ಬೀಗ ಹಾಕಿಡುವುದಲ್ಲ. ನಮ್ಮ ಮನೆಗಳಲ್ಲಿ ಮದುವೆಯ ರೇಷ್ಮೆ ಸೀರೆ ಬೀರುವಿನಲ್ಲಿ ಹಾಗೆಯೇ ಇದ್ದು ಮಡಿಕೆ ಬಿದ್ದಲ್ಲೇ ಸೀಳುವುದನ್ನು ಎಲ್ಲರೂ ಕಂಡಿದ್ದೇವೆ. ಅಜ್ಜಿಯರು ಆಗಾಗ ತೆಗೆದು ಮಡಿಕೆ ಬದಲಿಸುತ್ತಿದ್ದದ್ದು ಅದಕ್ಕೇ. ಇಲ್ಲಿನ ಉಗ್ರಾಣಕ್ಕೆ ನೋಡುಗರಿಗೆ ಪ್ರವೇಶವಿಲ್ಲ. ಅಲ್ಲಿ ವರ್ಷವಿಡೀ ಸುಮಾರು 18 ಡಿಗ್ರಿ ತಂಪು, ಶೇ 50ರಷ್ಟು ತೇವಾಂಶ ಕಾಯ್ದುಕೊಳ್ಳುತ್ತಾರೆ. ಮಣಿ ಕಸೂತಿಯ ಭಾರದ ಉಡುಪನ್ನು ತೂಗುಹಾಕಿದರೆ ತನ್ನ ತೂಕಕ್ಕೆ ತಾನೇ ಹೆಗಲಲ್ಲಿ ಹರಿಯುತ್ತದೆ. ಅಂಥದ್ದನ್ನು ಆಮ್ಲವಿಲ್ಲದ ಕಾಗದದ ಮೇಲೆ ಮಲಗಿಸಿಡಬೇಕು. ಪ್ರದರ್ಶನಕ್ಕೆ ಬಂದ ಉಡುಪು ಕೆಲವು ತಿಂಗಳ ನಂತರ ಕತ್ತಲೆಗೆ ಹೋಗಿ ವಿಶ್ರಾಂತಿ ಪಡೆಯಬೇಕು. 1988ರಲ್ಲಿ ಲೆಸಾಜ್ ಎಂಬ ಕಸೂತಿ ಮನೆಯವರು ಸ್ಯಾಂ ಲೊರಾಂಗಾಗಿ ವ್ಯಾನ್ ಗೋನ ಹೂವಿನ ಚಿತ್ರಗಳನ್ನು ಜಾಕೆಟಿನ ಮೇಲೆ ಕಸೂತಿಯಲ್ಲಿ ತಂದಾಗ ಒಂದಕ್ಕೆ 600 ಗಂಟೆಯಷ್ಟು ಕೈಕೆಲಸ ಹಿಡಿಯಿತು. ಅಷ್ಟು ಗಂಟೆ ಕಣ್ಣಿಟ್ಟು ಮಾಡಿದ್ದನ್ನು ಕಾಯಲು ಅದಕ್ಕಿಂತ ಹೆಚ್ಚು ಗಂಟೆ ಬೇಕಾಗುತ್ತದೆ. ಅದೇ ಲೆಸಾಜ್ ಮನೆತನದ ಮಗ ಮುಂದೆ ಚೆನ್ನೈಗೆ ಬಂದು ಕಸೂತಿ ಕಾರ್ಖಾನೆ ಕಟ್ಟಿದ. ನಮ್ಮ ಪಕ್ಕದ ಊರಿನ ಬೆರಳುಗಳು ಈಗ ಆ ಕೆಲಸ ಮಾಡುತ್ತಿವೆ ಎಂಬುದು ನನಗೆ ಸಂತೋಷದ ವಿಷಯ.

ಕೊನೆಗೆ ಮೆಟ್ಟಿಲು ಹತ್ತಿ ಸ್ಟುಡಿಯೊಗೆ ಬಂದೆ. ಕತ್ತಲೆಯಿಂದ ಬಂದವರಿಗೆ ಕಣ್ಣು ಕುಕ್ಕುವಷ್ಟು ಬಿಳಿ. ಅರಮನೆಯಂಥ ಕೋಣೆ ನಿರೀಕ್ಷಿಸಿದ್ದವರಿಗೆ ನಿರಾಸೆ. ಬಿಳಿ ಗೋಡೆ, ಕಿಟಕಿಯಿಂದ ಸಹಜ ಬೆಳಕು, ಕಾಲುಮಣೆಗಳ ಮೇಲೆ ಹಲಗೆ ಹಾಸಿದ ಸಾದಾ ಮೇಜು. ಮೇಜಿನ ಮೇಲೆ ಪೆನ್ಸಿಲುಗಳು, ದಪ್ಪ ಕಪ್ಪು ಫ್ರೇಮಿನ ಕನ್ನಡಕ. ಗೋಡೆಗೊರಗಿದ ಪುಸ್ತಕಗಳು, ಬಟ್ಟೆಯ ಸುರುಳಿಗಳು. ಅವರ ನಾಯಿಯ ಚಿತ್ರವೂ ಇದೆ. ಒಂದಾದ ಮೇಲೊಂದು ಸಾಕಿದ ನಾಲ್ಕು ಬುಲ್‌ಡಾಗುಗಳಿಗೂ ಅವರು ಇಟ್ಟದ್ದು ಮುಜಿಕ್ ಎಂಬ ಒಂದೇ ಹೆಸರು.

ಒಂದು ಇಡೀ ಗೋಡೆ ಕನ್ನಡಿ. ಸ್ಯಾಂ ಲೊರಾಂ ಉಡುಪನ್ನು ನೇರವಾಗಿ ನೋಡುತ್ತಿರಲಿಲ್ಲ, ಈ ಕನ್ನಡಿಯಲ್ಲಿ ನೋಡುತ್ತಿದ್ದರು. ಚಿತ್ರದ ಹಾಳೆ ಮೊದಲು ಹೊಲಿಗೆ ಕೋಣೆಗೆ ಹೋಗುತ್ತಿತ್ತು. ಮೆತ್ತನೆಯ ಗೌನುಗಳಿಗೆ ಒಂದು ಕೋಣೆ, ಕೋಟು-ಸೂಟುಗಳಿಗೆ ಇನ್ನೊಂದು. ಅಲ್ಲಿನ ಮುಖ್ಯಸ್ಥೆ ಆ ನಾಲ್ಕು ಗೆರೆಯನ್ನು ಓದಿಕೊಂಡು ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿದು ತರುತ್ತಿದ್ದರು. ರೂಪದರ್ಶಿ ಅದನ್ನು ತೊಟ್ಟು ಕನ್ನಡಿಯ ಮುಂದೆ ನಡೆಯಬೇಕು. ಬಿಳಿ ಮೇಲಂಗಿ ತೊಟ್ಟ ಸ್ಯಾಂ ಲೊರಾಂ, ಸ್ಟುಡಿಯೊ ನಡೆಸುತ್ತಿದ್ದ ಆನ್-ಮರಿ ಮುನ್ಯೋಸ್, ಆಭರಣದ ಪೆಟ್ಟಿಗೆಯೊಂದಿಗೆ ಲುಲು ದ ಲ ಫಲೇಸ್ ಎಲ್ಲರ ಕಣ್ಣೂ ಕನ್ನಡಿಯಲ್ಲಿ. ಇಲ್ಲಿ ಒಂದು ಗುಂಡುಸೂಜಿ, ಅಲ್ಲಿ ಅರ್ಧ ಅಂಗುಲ ಮೇಲಕ್ಕೆ. ಕೋರಾ ಬಟ್ಟೆ ಒಪ್ಪಿಗೆಯಾದ ಮೇಲಷ್ಟೇ ಅಸಲಿ ಬಟ್ಟೆಯ ಥಾನು ಬಿಚ್ಚಿ ಅವಳ ಹೆಗಲ ಮೇಲೆ ಇಳಿಬಿಡುತ್ತಿದ್ದರು.

ಅಮ್ಮನೂ ಹಾಗೆಯೇ. ಟ್ರಯಲ್ ನೋಡುವಾಗ ಗಿರಾಕಿಯನ್ನು ಬೀರುವಿನ ಕನ್ನಡಿಯ ಕಡೆ ತಿರುಗಿಸಿ ತಾನು ಅವಳ ಹಿಂದೆ ನಿಂತು ಕನ್ನಡಿಯಲ್ಲೇ ನೋಡುತ್ತಿದ್ದಳು. ಬಾಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡು, ಮಾತಿಲ್ಲದೆ, ಕೈಸನ್ನೆಯಲ್ಲೇ ತಿರುಗು ಎನ್ನುತ್ತಿದ್ದಳು.

ಮ್ಯೂಸಿಯಂ ಮುಚ್ಚುವ ಹೊತ್ತಾಗಿ ಕಾವಲಿನ ಹುಡುಗಿ ಬಂದು ಮೆಲ್ಲಗೆ ಹೇಳಿದಳು. ಹೊರಗೆ ಮಳೆ ನಿಂತಿತ್ತು. ರಾತ್ರಿ ಅಮ್ಮನಿಗೆ ಫೋನು ಮಾಡಿ, ಆ ಅಳತೆ ಪುಸ್ತಕಗಳಲ್ಲಿ ಒಂದಾದರೂ ಉಳಿದಿದೆಯಾ ಎಂದು ಕೇಳಿದೆ. ಒಂದಿದೆ, ಮಿಷನ್ನಿನ ಡ್ರಾಯರಿನಲ್ಲಿ, ಕೊನೆಯ ವರ್ಷದ್ದು, ಅರ್ಧ ತುಂಬಿದ್ದು ಎಂದಳು. ಅದನ್ನು ಯಾರಿಗೂ ಕೊಡಬೇಡ, ಗುಂಡುಸೂಜಿ ಮಾತ್ರ ತೆಗೆದು ದಾರದಲ್ಲಿ ಎರಡು ಹೊಲಿಗೆ ಹಾಕಿಡು ಎಂದೆ. ‘ಯಾಕೇ?’ ಎಂದು ಕೇಳಿದಳು. ಬಂದು ಹೇಳ್ತೀನಿ ಅಂದೆ.